ಇಂಗ್ಲಿಷ್ ಚಾನೆಲ್ ಈಜಬೇಕಾ? ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿ

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿ ಐಟಿ ಕೆಲಸ. ವಾರಕ್ಕೆ ಐದು ದಿನ ಈಜುಕೊಳದಲ್ಲಿ ನಿಲ್ಲದೆ 2 ಕಿ.ಮೀ. ಈಜುತ್ತೇನೆ, ಸುಮಾರು 50 ನಿಮಿಷ ಬೇಕು. ಇನ್ನೆರಡು ವರ್ಷದಲ್ಲಿ ಇಂಗ್ಲಿಷ್ ಚಾನೆಲ್ ದಾಟಬೇಕು ಅಂತ ಆಸೆ. ಅಗಲ 33-34 ಕಿ.ಮೀ. ಅಂತೆ. ಅಂದರೆ 50 ಮೀಟರ್ ಕೊಳದಲ್ಲಿ 680 ಲ್ಯಾಪ್. ತಿಂಗಳಿಗೆ ಒಂದೂಕಾಲು, ಒಂದೂವರೆ ಕಿ.ಮೀ. ಏರಿಸುತ್ತಾ ಹೋದರೆ ಎರಡು ವರ್ಷಕ್ಕೆ ಸರಿಹೋಗುತ್ತದೆ ಅಲ್ವಾ? ವೆಟ್‌ಸೂಟ್ (ಮೈಗಂಟುವ ರಬ್ಬರಿನ ಉಡುಗೆ) ಹಾಕಬಹುದಾ? ನಾನು ತೆಳ್ಳಗಿದ್ದೇನೆ, 62 ಕೆ.ಜಿ. ದಪ್ಪಗಾಗಬೇಕು ಅಂತಾರೆ, ನಿಜವಾ? ಮೈಗೆ ಗ್ರೀಸ್ ಹಚ್ಚುತ್ತಾರಂತೆ, ಅದು ಚಳಿ ತಡೆಯೋಕಾ?

ಉತ್ತರ: ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಈಜಿನಲ್ಲಿ ಕಿಲೋಮೀಟರ್‌ಗೆ ಅಷ್ಟು ಬೆಲೆ ಇಲ್ಲ. ಎಷ್ಟು ಗಂಟೆ ಈಜಬಲ್ಲಿರಿ, ಎಷ್ಟು ತಣ್ಣಗಿನ ನೀರಿನಲ್ಲಿ ಈಜಬಲ್ಲಿರಿ ಅನ್ನುವುದೇ ಮುಖ್ಯ. ಅದಕ್ಕೇ ಮೊದಲು ಆ 680 ಲ್ಯಾಪ್ ಲೆಕ್ಕವನ್ನು ಬದಿಗಿಡೋಣ.

1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲೆಂಡಿನ ಡೋವರ್‌ನಿಂದ ಹೊರಟರು. ಯಾವ ಆಸರೆಯೂ ಇಲ್ಲದೆ ಈ ಕಡಲನ್ನು ಈಜಿ ದಾಟಿದ ಮೊದಲಿಗರು ಅವರೇ. ಫ್ರಾನ್ಸಿನ ಕಲೇ ಹತ್ತಿರ ದಡ ಮುಟ್ಟಿದಾಗ 21 ಗಂಟೆ 45 ನಿಮಿಷ ಆಗಿತ್ತು. ನೇರ ಗೆರೆ ಎಳೆದರೆ 33-34 ಕಿ.ಮೀ. ಇರುವ ಜಾಗದಲ್ಲಿ ಅವರು ಸಾಗಿದ ಹಾದಿ ಸುಮಾರು 64 ಕಿ.ಮೀ. ಅದರಲ್ಲೂ ಫ್ರಾನ್ಸಿನ ಕ್ಯಾಪ್ ಗ್ರಿ ನೇ ಭೂಶಿರದ ಬಳಿ ನೀರಿನ ಸೆಳೆತ ಅವರನ್ನು ಐದು ಗಂಟೆ ಹೊತ್ತು ದಡಕ್ಕೆ ಬಿಡಲಿಲ್ಲ. ಅವರು ಈಜಿದ್ದು ಬ್ರೆಸ್ಟ್‌ಸ್ಟ್ರೋಕ್, ಜೊತೆಗೆ ಜೆಲ್ಲಿಫಿಶ್ ಕಡಿತ ಬೇರೆ.

ಅಲ್ಲಿ ಭರತ-ಇಳಿತದ ಜೋರು ನಮ್ಮ ಕರಾವಳಿಯವರಿಗೆ ಕಲ್ಪನೆಗೂ ಬರುವುದು ಕಷ್ಟ. ಮಲ್ಪೆಯಲ್ಲೋ ಕಾರವಾರದಲ್ಲೋ ಏರಿದ ನೀರಿಗೂ ಇಳಿದ ನೀರಿಗೂ ವ್ಯತ್ಯಾಸ ಎರಡು ಮೀಟರ್ ಆಸುಪಾಸು. ಡೋವರ್‌ನಲ್ಲಿ ಹುಣ್ಣಿಮೆ-ಅಮಾವಾಸ್ಯೆ ಹೊತ್ತಿಗೆ ಅದು ಆರು ಮೀಟರ್ ಮುಟ್ಟುತ್ತದೆ. ಅಷ್ಟೂ ನೀರು ಒಂದು ಇಕ್ಕಟ್ಟಾದ ಸಂದಿಯಲ್ಲಿ ಆರು ಗಂಟೆ ಆ ಕಡೆ, ಆರು ಗಂಟೆ ಈ ಕಡೆ ಹರಿಯುತ್ತದೆ. ಜೋರಿದ್ದಾಗ ಅದರ ವೇಗ ಗಂಟೆಗೆ 6 ಕಿ.ಮೀ. ದಾಟುತ್ತದೆ. ನಿಮ್ಮ ವೇಗ ಗಂಟೆಗೆ 2.4 ಕಿ.ಮೀ. ಯಾರು ಗೆಲ್ಲುತ್ತಾರೆ ಹೇಳಿ!

ನಮ್ಮ ಹೊಳೆ ದಾಟಿಸುವ ದೋಣಿಯವನು ಮೂತಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ಹುಟ್ಟು ಹಾಕಿ ಎದುರು ದಡದ ಸರಿಯಾದ ಜಾಗಕ್ಕೇ ತಂದು ನಿಲ್ಲಿಸುತ್ತಾನೆ. ಚಾನೆಲ್‌ನಲ್ಲಿ ಆ ಆಟ ನಡೆಯುವುದಿಲ್ಲ. ಅಲ್ಲಿನ ಪೈಲಟ್, ಅಂದರೆ ನಿಮ್ಮ ಜೊತೆ ಬರುವ ದೋಣಿಯ ಕ್ಯಾಪ್ಟನ್, ನೀರು ಎಳೆದ ಕಡೆ ನಿಮ್ಮನ್ನು ಹೋಗಲು ಬಿಡುತ್ತಾನೆ. ನೀವು ಸುಮ್ನೆ ಫ್ರಾನ್ಸ್ ಕಡೆ ಮುಖ ಮಾಡಿ ಈಜುತ್ತಾ ಇರಬೇಕು. ಮೊದಲು ಒಂದು ಕಡೆ ಒಯ್ದ ನೀರು ಆಮೇಲೆ ಇನ್ನೊಂದು ಕಡೆ ಎಳೆದು ತರುತ್ತದೆ. ನಕಾಶೆಯ ಮೇಲೆ ಆ ಹಾದಿ ಹಾವು ಹರಿದಂತೆ ಕಾಣುತ್ತದೆ. ನೀವು ಕ್ಯಾಪ್ ಗ್ರಿ ನೇ ತುದಿಯ ಎದುರಿಗೆ ಬರುವ ಹೊತ್ತು ಯಾವುದು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಆ ಭೂಶಿರ ಕಡಲೊಳಗೆ ಚಾಚಿಕೊಂಡಿದೆ, ಅದನ್ನು ಹಿಡಿದರೆ ಬೇಗ ಮುಗಿಯಿತು. ಅರ್ಧ ಗಂಟೆ ತಡವಾಗಿ ಅದು ತಪ್ಪಿತೋ, ದಡ ಹಿಂದಕ್ಕೆ ಸರಿದುಬಿಡುತ್ತದೆ. ಮನೆ, ರಸ್ತೆ, ಕಾರಿನ ದೀಪ ಎಲ್ಲಾ ಕಾಣುತ್ತಿರುತ್ತದೆ. ಕೈ ಬೀಸುತ್ತಲೇ ಇರುತ್ತೀರಿ. ಅವು ಪಕ್ಕಕ್ಕೆ ಸರಿಯುತ್ತವೆಯೇ ಹೊರತು ಹತ್ತಿರ ಬರುವುದಿಲ್ಲ. ಕೊನೆಯ ಮೂರು ಕಿ.ಮೀ.ಗೆ ಮೂರು ನಾಲ್ಕು ಗಂಟೆ ಹಿಡಿಯುವುದು ಅಲ್ಲಿ ಮಾಮೂಲು.

ಆರತಿ ಸಾಹಾ ಅವರ ಕಥೆ ಗೊತ್ತಿರಬಹುದು. ಚಾನೆಲ್ ದಾಟಿದ ಏಷ್ಯಾದ ಮೊದಲ ಮಹಿಳೆ. 1959ರ ಆಗಸ್ಟ್‌ನ ಮೊದಲ ಯತ್ನದಲ್ಲಿ ಅವರು ಇಂಗ್ಲೆಂಡಿನ ದಡ ಇನ್ನು ಕೆಲವೇ ಮೈಲಿ ಇದ್ದಾಗ ಎದುರು ಸೆಳೆತಕ್ಕೆ ಸಿಕ್ಕಿ ಬಿಡಬೇಕಾಯಿತು. ಮರುತಿಂಗಳು, ಸೆಪ್ಟೆಂಬರ್ 29ರಂದು ಮತ್ತೆ ಇಳಿದು 16 ಗಂಟೆ 20 ನಿಮಿಷದಲ್ಲಿ ಮುಗಿಸಿದರು. ಅದರ ಹಿಂದಿನ ವರ್ಷ 14 ಗಂಟೆ 45 ನಿಮಿಷದಲ್ಲಿ ದಾಟಿದ ನಮ್ಮ ದೇಶದ ಮಿಹಿರ್ ಸೇನ್ ಕೂಡ ಹಲವು ಸಲ ಸೋತು ಗೆದ್ದವರು. ಆರತಿ ಅವರು ಫ್ರಾನ್ಸ್ ಕಡೆಯಿಂದ ಹೊರಟಿದ್ದರು. ಈಗ ಆ ಕಡೆಯಿಂದ ಶುರುಮಾಡಲು ಫ್ರಾನ್ಸ್ ಬಿಡುವುದಿಲ್ಲ, ಇಂಗ್ಲೆಂಡಿನಿಂದಲೇ ಹೊರಡಬೇಕು.

ಈಗ ನಿಮ್ಮ ವೇಗಕ್ಕೆ ಬರೋಣ. 34ನ್ನು 2.4ರಿಂದ ಭಾಗಿಸಿದರೆ 14 ಗಂಟೆ ಚಿಲ್ಲರೆ. ಆದರೆ ಹನ್ನೆರಡನೇ ಗಂಟೆಯಲ್ಲಿ ನೀವು ಈಗಿನ ವೇಗದಲ್ಲಿ ಇರುವುದಿಲ್ಲ. ಕೊಳದಲ್ಲಿ ಪ್ರತಿ 50 ಮೀಟರ್‌ಗೆ ಗೋಡೆ ಒದ್ದು ನಾಲ್ಕೈದು ಮೀಟರ್ ಪುಕ್ಕಟೆ ಜಾರುತ್ತೀರಲ್ಲ, ಅದೂ ಅಲ್ಲಿ ಇಲ್ಲ. ಆದ್ದರಿಂದ 15ರಿಂದ 18 ಗಂಟೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಒಂದಷ್ಟು ಹೊತ್ತು ಕತ್ತಲಲ್ಲಿ, ಟೋಪಿಗೂ ಬೆನ್ನ ಹಿಂದೆ ಬಟ್ಟೆಗೂ ಸಣ್ಣ ದೀಪ ಸಿಕ್ಕಿಸಿಕೊಂಡು ಈಜಬೇಕಾಗುತ್ತದೆ.

ದೂರ ಹೆಚ್ಚು ಹೇಳುವುದಿಲ್ಲ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಮುಂಬೈಯಲ್ಲಿ ಧರಮ್‌ತರ್‌ನಿಂದ ಗೇಟ್‌ವೇ ಆಫ್ ಇಂಡಿಯಾದವರೆಗೆ ಈಜುವ ಹಳೇ ದಾರಿಯೊಂದು ಇದೆ. ಅದೂ ಸುಮಾರು 35 ಕಿ.ಮೀ. ಶಾಲೆಗೆ ಹೋಗುವ ಮಕ್ಕಳೂ ಅದನ್ನು ಮುಗಿಸಿದ್ದಾರೆ. ಆ ಮಕ್ಕಳ ಸಾಧನೆ ಸಣ್ಣದು ಅಂತ ಹೇಳುತ್ತಿಲ್ಲ. ಆದರೆ ಅಲ್ಲಿನ ನೀರು ಬೆಚ್ಚಗಿದೆ, ಹೊರಡುವ ಹೊತ್ತು ಸರಿಯಾಗಿ ಆರಿಸಿಕೊಂಡರೆ ಇಳಿತದ ನೀರೇ ಬಹಳ ದೂರ ಕರೆದುಕೊಂಡು ಹೋಗುತ್ತದೆ. ಅದೇ ದೂರ ಚಾನೆಲ್‌ನಲ್ಲಿ ಬೇರೆಯದೇ ಕೆಲಸ. ಕಾರಣ ಚಳಿ.

ಜುಲೈನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಅಲ್ಲಿ ಈಜುವ ಕಾಲದಲ್ಲಿ, ನೀರು 15ರಿಂದ 18 ಡಿಗ್ರಿ ಇರುತ್ತದೆ. ನಮ್ಮ ಮಲ್ಪೆ ಕಡಲು 28ರ ಆಸುಪಾಸು. 18 ಡಿಗ್ರಿ ಗಾಳಿಯಲ್ಲಿ ನಾವು ಸ್ವೆಟರ್ ಹಾಕಿಕೊಂಡು ಕಾಫಿ ಕುಡಿಯುತ್ತೇವೆ, ತೊಂದರೆ ಇಲ್ಲ. ಆದರೆ ನೀರು ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಎಳೆದುಕೊಳ್ಳುತ್ತದೆ. ಮೊದಲೆರಡು ನಿಮಿಷ ಉಸಿರು ಎತ್ತೆತ್ತಿ ಬರುತ್ತದೆ, ಎದೆ ಬಿಗಿಯುತ್ತದೆ. ಆ ಹೊತ್ತಿನಲ್ಲಿ ನೀರು ಕುಡಿದು ಸತ್ತವರಿದ್ದಾರೆ. ಒಳ್ಳೆಯ ಸಂಗತಿ ಏನೆಂದರೆ ಈ ಮೊದಲ ಏಟಿಗೆ ಮೈ ಬೇಗ ಪಳಗುತ್ತದೆ, ಕೆಲವೇ ನಿಮಿಷದಂತೆ ಐದಾರು ಸಲ ತಣ್ಣೀರಿಗೆ ಇಳಿದರೆ ಸಾಕು, ಅದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಗಂಟೆಗಟ್ಟಲೆ ಒಳಗಿನಿಂದ ಇಳಿಯುವ ಚಳಿ ಬೇರೆ ಜಾತಿಯದು. ಮೈಯ ಒಳಗಿನ ಬಿಸಿ 37ರಿಂದ 35 ಡಿಗ್ರಿಗಿಂತ ಕೆಳಗೆ ಬಂದರೆ ಅದು ಹೈಪೋಥರ್ಮಿಯಾ. ಆ ಚಳಿಗೆ ಪಳಗಲು ತಿಂಗಳುಗಳೇ ಬೇಕು.

ಇದಕ್ಕೇ ಚಾನೆಲ್ ಈಜನ್ನು ನೋಡಿಕೊಳ್ಳುವ ಸಂಸ್ಥೆಗಳು ಒಂದು ಅರ್ಹತಾ ಈಜು ಇಟ್ಟಿವೆ. ಒಬ್ಬರೇ ದಾಟುವವರು ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಆರು ಗಂಟೆ ಈಜಿ ತೋರಿಸಬೇಕು. ಗಮನಿಸಿ, ಅವರು ಕಿಲೋಮೀಟರ್ ಕೇಳುವುದೇ ಇಲ್ಲ.

ವೆಟ್‌ಸೂಟ್ ಪ್ರಶ್ನೆ. ಆಗುವುದಿಲ್ಲ. ಮಾಮೂಲಿ ಈಜುಡುಗೆ ಒಂದು, ಟೋಪಿ ಒಂದು, ಗಾಗಲ್ಸ್, ಬೇಕಿದ್ದರೆ ಗ್ರೀಸ್. ಇಷ್ಟೇ. ವೆಟ್‌ಸೂಟ್ ಬೆಚ್ಚಗಿಡುವುದಷ್ಟೇ ಅಲ್ಲದೆ ತೇಲಿಸುತ್ತದೆ ಕೂಡ. ಅದನ್ನು ಹಾಕಿ ದಾಟಿದರೆ ಮಾನ್ಯ ದಾಟುವಿಕೆ ಅಂತ ದಾಖಲೆ ಪುಸ್ತಕಕ್ಕೆ ಹೋಗುವುದಿಲ್ಲ. ದೋಣಿಯನ್ನು ಮುಟ್ಟುವ ಹಾಗಿಲ್ಲ, ಯಾರೂ ನಿಮ್ಮನ್ನು ಮುಟ್ಟುವ ಹಾಗಿಲ್ಲ. ಅಮೆರಿಕದ ಈಜುಗಾರ್ತಿ ಗರ್ಟ್ರೂಡ್ ಎಡರ್ಲೆ 1925ರಲ್ಲಿ ಈಜುತ್ತಿದ್ದಾಗ ಜೊತೆಯವರೊಬ್ಬರು ಅವರನ್ನು ಹಿಡಿದರು, ಅಲ್ಲಿಗೆ ಮುಗಿಯಿತು. ತನಗೆ ಅದು ಬೇಕಿರಲಿಲ್ಲ ಅಂತ ಆಕೆ ಸಿಟ್ಟಾಗಿದ್ದರು. ಮರುವರ್ಷ ಬಂದು ಹದಿನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ದಾಟಿ, ಅದುವರೆಗಿನ ಗಂಡಸರೆಲ್ಲರ ದಾಖಲೆಯನ್ನೂ ಮುರಿದರು.

ದಪ್ಪಗಾಗಬೇಕಾ? ಸ್ವಲ್ಪ ಆಗಬೇಕು. 62 ಕೆ.ಜಿ.ಯ ತೆಳ್ಳನೆ ಮೈಗೆ ಆ ನೀರಿನಲ್ಲಿ 15 ಗಂಟೆ ಬಹಳ ಕಷ್ಟ. ಚರ್ಮದ ಕೆಳಗಿನ ಕೊಬ್ಬೇ ಅಲ್ಲಿ ಸ್ವೆಟರ್. ಹಾಗಂತ ದಿನಾ ತುಪ್ಪ ಸುರಿದುಕೊಂಡು ಮೈಸೂರ್ ಪಾಕ್ ತಿನ್ನಿ ಅಂತ ಅಲ್ಲ. ಒಂದು ವರ್ಷದಲ್ಲಿ ನಿಧಾನಕ್ಕೆ ಆರೇಳು ಕೆ.ಜಿ. ಏರಲಿ. ಸ್ನಾಯುವೂ ಜೊತೆಗೆ ಬೆಳೆಯುವಂತೆ ವ್ಯಾಯಾಮ ಇರಲಿ. ಶುರುಮಾಡುವ ಮೊದಲು ಹೃದಯ, ಶ್ವಾಸಕೋಶ ಎರಡನ್ನೂ ಡಾಕ್ಟರ್ ಹತ್ತಿರ ತೋರಿಸಿ. ತಣ್ಣೀರಿನಲ್ಲಿ ಜೋರಾಗಿ ಈಜುವಾಗ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ಒಸರಿ ತುಂಬಿಕೊಳ್ಳುತ್ತದೆ. ಕೆಮ್ಮು, ಏದುಸಿರು, ಉಗುಳಿದರೆ ಗುಲಾಬಿ ಬಣ್ಣದ ನೊರೆ ಬಂತೆಂದರೆ ಮರುಮಾತಿಲ್ಲದೆ ಹೊರಗೆ ಬರಬೇಕು.

ಬೆಂಗಳೂರಿನಲ್ಲಿದ್ದು ಚಳಿಗೆ ಪಳಗುವುದು ಹೇಗೆ? ಪೂರ್ತಿ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್-ಜನವರಿಯಲ್ಲಿ ಬಿಸಿ ಮಾಡದ ಈಜುಕೊಳಕ್ಕೆ ಬೆಳಗಿನ ಜಾವ ಇಳಿಯಿರಿ, ಉಳಿದವರೆಲ್ಲ ರಜೆ ಹಾಕಿರುತ್ತಾರೆ, ಲೇನ್ ಖಾಲಿ. ಮನೆಯಲ್ಲಿ ಟಬ್ಬಿನಲ್ಲಿ ಐಸ್ ಹಾಕಿ ಕೂರುವುದು ಮೊದಲ ಏಟಿಗೆ ಪಳಗಿಸುತ್ತದೆ, ಅದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಆಗದು. ಕೂತಾಗ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ನಿಜವಾದ ಪಾಠ ಡೋವರ್‌ನಲ್ಲೇ. ಅಲ್ಲಿನ ಬಂದರಿನ ಒಳಗೆ, ಗುಂಡುಕಲ್ಲಿನ ದಡದ ಹತ್ತಿರ, ಬೇಸಿಗೆಯಲ್ಲಿ ಚಾನೆಲ್ ಈಜುಗಾರರು ಸುತ್ತು ಹಾಕುತ್ತಿರುತ್ತಾರೆ. ಜೂನ್ ಶುರುವಿನಲ್ಲಿ ನೀರು 12-13 ಡಿಗ್ರಿ ಆಸುಪಾಸು. ನಾಲ್ಕೈದು ವಾರ ಮೊದಲೇ ಹೋಗಿ ಅಲ್ಲಿ ಇಳಿಯುವಷ್ಟು ರಜೆ ಸಿಗುತ್ತದಾ ಅಂತ ಆಫೀಸಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ತರಬೇತಿಯ ಪಟ್ಟಿಗಿಂತ ಈ ರಜೆಯೇ ದೊಡ್ಡ ಸಮಸ್ಯೆ ಆಗುವುದನ್ನು ನೋಡಿದ್ದೇನೆ.

ಇನ್ನು ತರಬೇತಿ. ಈಗ ವಾರಕ್ಕೆ ನಾಲ್ಕು ಗಂಟೆ ಚಿಲ್ಲರೆ ಈಜುತ್ತಿದ್ದೀರಿ. ಒಂದು ವರ್ಷದಲ್ಲಿ ಅದು 12-14 ಗಂಟೆ ಆಗಬೇಕು. ದಿನಾ ಒಂದೇ ಥರ ಎರಡೆರಡು ಕಿ.ಮೀ. ಸೇರಿಸುವುದರಿಂದ ಅಲ್ಲಿಗೆ ಮುಟ್ಟುವುದಿಲ್ಲ. ವಾರದ ನಡುವೆ ಮಾಮೂಲಿ ಈಜು. ಎರಡು ಮೂರು ವಾರಕ್ಕೊಮ್ಮೆ ಒಂದು ಉದ್ದದ ಈಜು, ಮೊದಲು ಎರಡು ಗಂಟೆ, ಆಮೇಲೆ ಮೂರು, ನಾಲ್ಕು, ಆರು. ಆಮೇಲೆ ಶನಿವಾರ ಆರು ಗಂಟೆ, ಭಾನುವಾರ ನಾಲ್ಕು. ಈ ಎರಡನೇ ದಿನದ ಈಜೇ ಗುಟ್ಟು. ದಣಿದ ಭುಜ, ಉಪ್ಪಿಗೆ ಸುಲಿದ ಬಾಯಿ, ಏಳಲು ಮನಸ್ಸಿಲ್ಲ, ಆದರೂ ಇಳಿಯುವುದು. ಕೊನೆಗೆ ಒಮ್ಮೆ ಎಂಟರಿಂದ ಹತ್ತು ಗಂಟೆ ಈಜಿದರೆ ಸಾಕು. ಅಭ್ಯಾಸದಲ್ಲಿ 34 ಕಿ.ಮೀ. ಮುಗಿಸಬೇಕಾದ ಅಗತ್ಯವೇ ಇಲ್ಲ.

ಭುಜದ ಬಗ್ಗೆ ಒಂದು ಮಾತು. ನಿಮಿಷಕ್ಕೆ 60 ಸಲ ಕೈ ಬೀಸಿದರೆ 14 ಗಂಟೆಗೆ ಐವತ್ತು ಸಾವಿರ ಸಲ ಆಯಿತು. ಸ್ಟ್ರೋಕ್‌ನಲ್ಲಿ ಸಣ್ಣ ಡೊಂಕಿದ್ದರೂ 2 ಕಿ.ಮೀ.ನಲ್ಲಿ ಗೊತ್ತಾಗುವುದಿಲ್ಲ, ಆರನೇ ಗಂಟೆಯಲ್ಲಿ ಗೊತ್ತಾಗುತ್ತದೆ. ಗಂಟೆ ಏರಿಸುವ ಮೊದಲು ಒಳ್ಳೆಯ ಕೋಚ್ ಹತ್ತಿರ ವಿಡಿಯೊ ಮಾಡಿಸಿ ತಿದ್ದಿಸಿಕೊಳ್ಳಿ. ಎರಡೂ ಕಡೆ ತಿರುಗಿ ಉಸಿರಾಡುವುದನ್ನು ಕಲಿಯಿರಿ. ಗಾಳಿ, ಅಲೆ, ದೋಣಿಯ ಡೀಸೆಲ್ ಹೊಗೆ ಯಾವ ಕಡೆಯಿಂದ ಬರುತ್ತದೆ ಅಂತ ಹೇಳೋಕಾಗಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಜನ ಇದನ್ನು ಕೊನೆಗೆ ಯೋಚಿಸುತ್ತಾರೆ, ನನ್ನ ಪ್ರಕಾರ ಮೊದಲು ಯೋಚಿಸಬೇಕು. ಮೊದಲ ಗಂಟೆಯ ನಂತರ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಕುಡಿಯಲು ಕೊಡುತ್ತಾರೆ. ದೋಣಿಯಿಂದ ಹಗ್ಗ ಕಟ್ಟಿದ ಬಾಟಲಿ ಎಸೆಯುತ್ತಾರೆ. ನೀವು ಅಂಗಾತ ತಿರುಗಿ, ಕಾಲು ಮಾತ್ರ ಆಡಿಸುತ್ತಾ, ಮುಚ್ಚಳ ಬಾಯಿಯಲ್ಲಿ ಎಳೆದು ಗಟಗಟ ಅಂತ ಕಾಲು ಲೀಟರ್ ಕುಡಿದು ಬಾಟಲಿ ಬಿಟ್ಟುಬಿಡಬೇಕು. ಅವರು ಹಗ್ಗ ಎಳೆದುಕೊಳ್ಳುತ್ತಾರೆ. ಮೂವತ್ತು ನಲವತ್ತು ಸೆಕೆಂಡಿನ ಕೆಲಸ. ಒಳಗೆ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದ ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಬೇಗ ಅರಗುವ ಪಿಷ್ಟದ ಪುಡಿ ಇರುತ್ತದೆ. ಗಂಟೆಗೆ 60 ಗ್ರಾಂ ಆಸುಪಾಸು ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಕುಡಿಯುತ್ತಾ ಹರಟೆ ಹೊಡೆದು ಪ್ರತಿ ಸಲ ಎರಡು ನಿಮಿಷ ಜಾಸ್ತಿ ತೆಗೆದುಕೊಂಡಿರಿ ಅಂತಿಟ್ಟುಕೊಳ್ಳಿ. ಇಪ್ಪತ್ತಾರು ಸಲಕ್ಕೆ 52 ನಿಮಿಷ. ಕ್ಯಾಪ್ ಗ್ರಿ ನೇ ತಪ್ಪಿಹೋಗಲು ಅಷ್ಟು ಧಾರಾಳ ಸಾಕು.

ರಾಗಿ ಅಂಬಲಿ ಒಯ್ಯಬಹುದಾ ಅಂತ ಕೇಳುವವರಿದ್ದಾರೆ. ಅಂಬಲಿ ಒಳ್ಳೆಯದೇ, ಆದರೆ ನಾರು ಜಾಸ್ತಿ, ಹೊಟ್ಟೆಯಲ್ಲಿ ಕೂರುತ್ತದೆ, ಅಲೆಯ ಮೇಲೆ ಅದು ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಸಕ್ಕರೆ, ಚೂರು ಉಪ್ಪು ಹಾಕಿದ ತೆಳು ಅಕ್ಕಿಗಂಜಿ ಪರವಾಗಿಲ್ಲ. ಏನೇ ಇರಲಿ, ಆರು ಗಂಟೆಯ ಅಭ್ಯಾಸದಲ್ಲಿ ಹೊಟ್ಟೆ ಒಪ್ಪಿದ್ದನ್ನು ಮಾತ್ರ ಒಯ್ಯಿರಿ. ಉಪ್ಪುನೀರಿಗೆ ನಾಲಿಗೆ ಊದಿಕೊಂಡು ರುಚಿಯೇ ಕೆಡುತ್ತದೆ, ನಡುನಡುವೆ ಬಾಯಿ ಮುಕ್ಕಳಿಸಲು ನೀರು ಬೆರೆಸಿದ ಮೌತ್‌ವಾಶ್, ಒಂದು ಮೆತ್ತನೆ ಹಣ್ಣಿನ ತುಂಡು ಇಟ್ಟುಕೊಳ್ಳುತ್ತಾರೆ. ಮತ್ತೆ, ಮೂತ್ರ ಬಂದಿತಾ ಅಂತ ದೋಣಿಯವರು ಎಲ್ಲರೆದುರು ಕೂಗಿ ಕೇಳುತ್ತಾರೆ. ನಾಚಿಕೊಳ್ಳಬೇಡಿ. ಹೊಟ್ಟೆಗೆ ಹೋದ ನೀರು ಮೈ ಸೇರುತ್ತಿದೆಯಾ ಅಂತ ತಿಳಿಯಲು ಅವರಿಗೆ ಬೇರೆ ದಾರಿ ಇಲ್ಲ.

ದೋಣಿಯಲ್ಲಿ ಯಾರಿರಬೇಕು? ನಿಮ್ಮನ್ನು ಹುರಿದುಂಬಿಸುವ ಗೆಳೆಯರು ಇರಲಿ. ಜೊತೆಗೆ ನಿಮಗೆ 'ಸಾಕು, ಬಾ' ಅಂತ ಹೇಳುವ ಎದೆಗಾರಿಕೆ ಇರುವ ಒಬ್ಬರಾದರೂ ಬೇಕು. ಚಳಿಗೆ ತಲೆ ಮಂಕಾದವರಿಗೆ ತಾವು ಮಂಕಾಗಿರುವುದು ತಿಳಿಯುವುದಿಲ್ಲ. ಆ ವ್ಯಕ್ತಿ ಅರ್ಧ ಗಂಟೆಗೊಮ್ಮೆ ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಅಂತ ಎಣಿಸಿ ಬರೆಯಬೇಕು. 60 ಇದ್ದದ್ದು 52ಕ್ಕೆ ಬಂದರೆ ಎಚ್ಚರ. ಬೆರಳುಗಳು ಸೇರದೆ ಬಿಡಿಬಿಡಿಯಾಗಿ ಬಿರುಸಾಗಿವೆಯಾ, ಕಾಲು ಮುಳುಗಿ ಮೈ ನೆಟ್ಟಗಾಗುತ್ತಿದೆಯಾ ನೋಡಬೇಕು. ಬಾಟಲಿ ಕೊಡುವಾಗ ಒಂದು ಪ್ರಶ್ನೆ ಕೇಳಬೇಕು: ನಿಮ್ಮ ಮನೆ ಯಾವ ಕ್ರಾಸು, ಅಕ್ಕನ ಮಗಳ ಹೆಸರೇನು. 'ಆಂ?' ಅಂದರೆ ಅಥವಾ ಮಾತು ತೊದಲಿದರೆ ಇನ್ನೊಮ್ಮೆ ಕೇಳಬೇಕು. ಆಗಲೂ ಸರಿಯಾಗಿ ಹೇಳದಿದ್ದರೆ ಮೇಲೆ ಎಳೆಯಬೇಕು. ದೋಣಿಯಲ್ಲಿ ಸಂಸ್ಥೆಯ ವೀಕ್ಷಕರೊಬ್ಬರು ಇರುತ್ತಾರೆ, ಈಜು ನಿಲ್ಲಿಸುವ ಅಧಿಕಾರ ಅವರಿಗೂ ಪೈಲಟ್‌ಗೂ ಇದೆ. ಹೊರಗೆ ಬಂದ ಮೇಲೂ ಸುಮಾರು ಹೊತ್ತು ಮೈಯ ಬಿಸಿ ಇಳಿಯುತ್ತಲೇ ಇರುತ್ತದೆ. ಬಿಸಿನೀರಿನ ಸ್ನಾನ ಬೇಡ, ಮೈ ಉಜ್ಜುವುದು ಬೇಡ, ಬ್ರಾಂದಿಯಂತೂ ಬೇಡವೇ ಬೇಡ. ಒದ್ದೆ ಬಟ್ಟೆ ತೆಗೆದು, ಪದರ ಪದರವಾಗಿ ಬಟ್ಟೆ ಹಾಕಿ, ಸಿಹಿಯಾದ ಬೆಚ್ಚಗಿನ ಪಾನೀಯ ಕೊಡಬೇಕು.

ನಮ್ಮಲ್ಲಿ ಎಲ್ಲಿ ಈಜಬೇಕು ಅನ್ನುವುದು ಕಷ್ಟದ ಪ್ರಶ್ನೆ. ಬೆಂಗಳೂರಿನ ಕೆರೆಗಳು ಬೇಡ, ಕಾರಣ ಹೇಳಬೇಕಾಗಿಲ್ಲ. ಅಣೆಕಟ್ಟಿನ ಹಿನ್ನೀರಿಗೆ ಅನುಮತಿ ಇಲ್ಲದೆ ಇಳಿಯುವ ಹಾಗಿಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆ ಇವೆ. ಉಳಿದಿರುವುದು ಕರಾವಳಿ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಬೆಳಗಿನ ಹೊತ್ತು ಕಡಲು ಒಳ್ಳೆಯದಿರುತ್ತದೆ. ಸ್ಥಳೀಯ ಮೀನುಗಾರರ ದೋಣಿ ಅಥವಾ ಕಯಾಕ್ ಜೊತೆಗಿರಬೇಕು, ಸೊಂಟಕ್ಕೆ ಬಣ್ಣದ ತೇಲುಬುರುಡೆ ಕಟ್ಟಿಕೊಂಡಿರಬೇಕು, ಕರಾವಳಿ ಪೊಲೀಸರಿಗೆ ಮೊದಲೇ ತಿಳಿಸಿರಬೇಕು. ಬಲೆ ಎಲ್ಲಿ ಬಿಟ್ಟಿದ್ದಾರೆ ಅನ್ನುವುದು ಆ ದೋಣಿಯವರಿಗೆ ಮಾತ್ರ ಗೊತ್ತಿರುತ್ತದೆ. ಮಳೆಗಾಲದಲ್ಲಿ ಕಡಲ ಕಡೆ ತಲೆಯೂ ಹಾಕಬೇಡಿ. ಸ್ಪರ್ಧೆ ಬೇಕೆಂದರೆ ಮಹಾರಾಷ್ಟ್ರದ ಮಾಲ್ವಣದಲ್ಲಿ ಸಮುದ್ರ ಈಜು ನಡೆಯುತ್ತದೆ. ಬಂಗಾಳದ ಮುರ್ಶಿದಾಬಾದ್‌ನಲ್ಲಿ ಭಾಗೀರಥಿ ನದಿಯಲ್ಲಿ 81 ಕಿ.ಮೀ. ಸ್ಪರ್ಧೆಯೇ ಇದೆ, ಹೊಳೆಯ ಹರಿವಿನ ಜೊತೆಗೆ.

ಎರಡು ವರ್ಷದಲ್ಲಿ ಆಗುತ್ತದಾ? ಮೈ ಒಪ್ಪಿದರೂ ದೋಣಿ ಸಿಗಬೇಕಲ್ಲ. ಪೈಲಟ್‌ಗಳು ಬೆರಳೆಣಿಕೆಯಷ್ಟು. ಅಷ್ಟಮಿಯ ಆಸುಪಾಸು ಭರತ-ಇಳಿತ ಕಡಿಮೆ ಇರುವ ವಾರಕ್ಕೇ ಎಲ್ಲರೂ ಮುಗಿಬೀಳುತ್ತಾರೆ. ಎರಡು ಮೂರು ವರ್ಷ ಮೊದಲೇ ಕಾದಿರಿಸುವುದು ರೂಢಿ. ದೋಣಿಗೇ ಮೂರು ಸಾವಿರ ಪೌಂಡ್‌ಗಿಂತ ಜಾಸ್ತಿ, ವಿಮಾನ, ವೀಸಾ, ವಾರಗಟ್ಟಲೆ ವಸತಿ ಬೇರೆ. ಇಷ್ಟೆಲ್ಲ ಆಗಿ, ನಿಮ್ಮ ವಾರದಲ್ಲಿ ಗಾಳಿ ಬಿಡದಿದ್ದರೆ ಇಳಿಯದೆಯೇ ವಾಪಸ್ ಬರಬೇಕಾದೀತು. ನನ್ನ ಸಲಹೆ ಕೇಳುವುದಾದರೆ, ಎರಡನೇ ವರ್ಷಕ್ಕೆ ಆರು ಜನರ ರಿಲೇ ಹಿಡಿಯಿರಿ. ಒಬ್ಬೊಬ್ಬರು ಒಂದೊಂದು ಗಂಟೆ, ಸರದಿ ಬದಲಾಗುವ ಹಾಗಿಲ್ಲ. ಅದಕ್ಕೂ ತಣ್ಣೀರಿನ ಅರ್ಹತೆ ಬೇಕು, ಆದರೆ ಕಡಿಮೆ ಹೊತ್ತಿನದು. ಖರ್ಚು ಹಂಚಿಹೋಗುತ್ತದೆ. ರಾತ್ರಿ, ವಾಂತಿ, ಜೆಲ್ಲಿಫಿಶ್, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಹಡಗುಗಳು ಎಲ್ಲವನ್ನೂ ಹತ್ತಿರದಿಂದ ನೋಡಿದಂತೆಯೂ ಆಗುತ್ತದೆ. ಒಬ್ಬರೇ ದಾಟುವ ಸರದಿಯನ್ನು ನಾಲ್ಕನೇ ವರ್ಷಕ್ಕೆ ಇಟ್ಟುಕೊಳ್ಳಿ. ಯಾವುದಕ್ಕೂ ಮುಂಗಡ ಹಣ ಕಟ್ಟುವ ಮೊದಲು ಈ ಬೇಸಿಗೆಯೊಳಗೆ ಮಲ್ಪೆಯ ಬೆಚ್ಚಗಿನ ನೀರಿನಲ್ಲೇ ನಾಲ್ಕು ಗಂಟೆ ಈಜಿ ನೋಡಿ. ಅದು ಬೇಜಾರು ಅನಿಸಿದರೆ ಹಣ ಉಳಿಯಿತು.

ಕೊನೆಗೆ ಗ್ರೀಸ್. ಚಳಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಕಂಕುಳು, ಕುತ್ತಿಗೆ, ತೊಡೆಸಂದು, ಬಟ್ಟೆಯ ಅಂಚು ತಾಗುವ ಕಡೆ ಉಪ್ಪುನೀರಿಗೆ ಚರ್ಮ ಉಜ್ಜಿ ಹುಣ್ಣಾಗದಂತೆ ಹಚ್ಚುತ್ತಾರೆ. ವ್ಯಾಸಲೀನ್ ಮತ್ತು ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಬೆರೆಸಿದರೆ ಸಾಕು. ಗಡ್ಡ ಬಿಡುವ ಅಭ್ಯಾಸ ಇದ್ದರೆ ಕೆನ್ನೆ ತಾಗುವ ಭುಜಕ್ಕೂ ಹಚ್ಚಿಸಿಕೊಳ್ಳಿ. ನೀವೇ ಹಚ್ಚಿಕೊಳ್ಳಬೇಡಿ, ಬೇರೆಯವರು ಗ್ಲೌಸ್ ಹಾಕಿಕೊಂಡು ಹಚ್ಚಲಿ. ನಿಮ್ಮ ಬೆರಳಿಗೆ ಅಂಟಿದ ಜಿಡ್ಡು ಗಾಗಲ್ಸ್‌ಗೆ ತಾಗಿದರೆ ಫ್ರಾನ್ಸ್‌ವರೆಗೂ ಮಬ್ಬೇ.